ಗುಂಡಿ ಒತ್ತಿದರೆ ಪ್ರೆಸ್ ನಿಲ್ಲುತ್ತದೆ, ಅಷ್ಟು ಸಾಕೆ?

ಈ ಸಲ ಮನೆ ವೈರಿಂಗ್, ಇನ್ವರ್ಟರ್, ಬೋರ್‌ವೆಲ್ ಸ್ಟಾರ್ಟರ್‌ಗಳ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆಯಿಂದ ತಗಡು ಒತ್ತುವ, ಹತ್ತಿ ಅದುಮುವ ಪ್ರೆಸ್ ಯಂತ್ರಗಳ ಬಗ್ಗೆ ಕಾಗದ ಬಂದಿವೆ. ಸರ್ಕ್ಯೂಟ್ ನಕ್ಷೆ ಅಚ್ಚು ಹಾಕಲು ಜಾಗವಿಲ್ಲವೆಂದು ಸಂಪಾದಕರು ಮೊದಲೇ ಹೇಳಿಬಿಟ್ಟಿದ್ದಾರೆ. ಹಾಗಾಗಿ ಎಲ್ಲವನ್ನೂ ಮಾತಿನಲ್ಲೇ ಹೇಳುತ್ತೇನೆ. ಓದುವವರು ಪೆನ್ಸಿಲ್ ಹಿಡಿದು ಗೆರೆ ಎಳೆದುಕೊಳ್ಳುತ್ತ ಓದುವುದು ಒಳ್ಳೆಯದು.

ಪ್ರಶ್ನೆ: ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದ ಶೀಟ್ ಮೆಟಲ್ ಶೆಡ್ಡೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೇನೆ. ನಮ್ಮಲ್ಲಿ 63 ಟನ್ನಿನ, ಗಾಳಿಯ ಒತ್ತಡದಿಂದ ಕ್ಲಚ್ ಹಿಡಿಯುವ ಪವರ್ ಪ್ರೆಸ್ ಇದೆ. ಎಮರ್ಜೆನ್ಸಿ ಗುಂಡಿಯ ಒಂದು ಎನ್‌ಸಿ (ಸುಮ್ಮನಿರುವಾಗ ಮುಚ್ಚಿದ್ದು, ಒತ್ತಿದಾಗ ತೆರೆಯುವ) ಕಾಂಟ್ಯಾಕ್ಟನ್ನು ಪಿಎಲ್‌ಸಿಗೆ (ಯಂತ್ರ ನಡೆಸುವ ಸಣ್ಣ ಕಂಪ್ಯೂಟರಿಗೆ) ಕೊಟ್ಟಿದ್ದೇವೆ. ಒತ್ತಿದರೆ ಪಿಎಲ್‌ಸಿಯು ಕ್ಲಚ್ ವಾಲ್ವಿನ ರಿಲೇಯನ್ನು (ಕರೆಂಟಿನಿಂದ ಹಿಡಿಯುವ ಸ್ವಿಚ್ಚನ್ನು) ಬಿಡಿಸುತ್ತದೆ, ಪ್ರೆಸ್ ನಿಲ್ಲುತ್ತದೆ. ಮಾಲು ಕೊಳ್ಳುವ ಕಂಪನಿಯಿಂದ ತಪಾಸಣೆಗೆ ಬಂದವರು ಇದನ್ನು ಒಪ್ಪಲಿಲ್ಲ. ಸೇಫ್ಟಿ ರಿಲೇ (ಎರಡು ದಾರಿಗಳನ್ನು ಹೋಲಿಸಿ ನೋಡುವ ರಿಲೇ) ಹಾಕಿ, ಎರಡು ಚಾನೆಲ್ (ಒಂದೇ ಸುದ್ದಿಗೆ ಎರಡು ಪ್ರತ್ಯೇಕ ವೈರಿನ ದಾರಿ) ಮಾಡಿ, ಮಾನಿಟರಿಂಗ್ ಕೊಡಿ ಎಂದರು. "ಒತ್ತಿದರೆ ನಿಲ್ಲುತ್ತದಲ್ಲ, ಮತ್ತೇಕೆ ಖರ್ಚು?" ಎನ್ನುತ್ತಾರೆ ನಮ್ಮ ಮಾಲೀಕರು. ಅವರಿಗೆ ಏನು ಹೇಳಲಿ?

ಉತ್ತರ: ಮಾಲೀಕರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆದರೆ ಒತ್ತಿದರೆ ನಿಲ್ಲುತ್ತದೆಯೇ ಎಂಬುದು ಅರ್ಧ ಪರೀಕ್ಷೆ ಮಾತ್ರ. ನಿಲ್ಲಿಸುವ ಸರ್ಕ್ಯೂಟಿನ ಒಂದು ಭಾಗ ಕೆಟ್ಟಿದ್ದಾಗಲೂ ನಿಲ್ಲುತ್ತದೆಯೇ, ನಿಂತ ಮೇಲೆ ಆ ದೋಷ ಸರಿಪಡಿಸುವ ತನಕ ಮತ್ತೆ ಶುರುವಾಗಲು ಒಲ್ಲೆ ಎನ್ನುತ್ತದೆಯೇ ಎಂಬುದು ಉಳಿದರ್ಧ. ತಪಾಸಣೆಯವರು ಮಾನಿಟರಿಂಗ್ ಎಂದದ್ದು ಈ ಎರಡನೆಯ ಅರ್ಧವನ್ನು.

ನಿಮ್ಮ ಈಗಿನ ಸರ್ಕ್ಯೂಟಿನಲ್ಲಿ ಏನೇನು ಕೆಡಬಹುದು ಎಂದು ಗುಂಡಿಯಿಂದಲೇ ನೋಡುತ್ತ ಹೋಗೋಣ. ಪ್ಯಾನೆಲ್ ಬಾಗಿಲು ತೆಗೆದು ಕೆಂಪು ಗುಂಡಿಯ ಬೆನ್ನಿಗೆ ಕೈ ಹಾಕಿ. ಕಾಂಟ್ಯಾಕ್ಟ್ ಬ್ಲಾಕ್ ಒಂದು ಸಣ್ಣ ಪ್ಲಾಸ್ಟಿಕ್ ಕೊಂಡಿಯ ಮೇಲೆ ಕೂತಿರುತ್ತದೆ. ಪ್ರೆಸ್ಸಿನ ಹೊಡೆತಕ್ಕೆ ದಿನವಿಡೀ ಅದುರಿ ಅದುರಿ ಆ ಕೊಂಡಿ ಸಡಿಲಾಗಿ ಬ್ಲಾಕ್ ಕಳಚಿ ವೈರಿನಲ್ಲೇ ಜೋತು ಬಿದ್ದರೆ, ಮುಂದಿನಿಂದ ಗುಂಡಿ ಒತ್ತಿದರೆ ಒಳಗೆ ಹೋಗುತ್ತದೆ, ಲಾಕ್ ಕೂಡ ಆಗುತ್ತದೆ, ಆದರೆ ಕಾಂಟ್ಯಾಕ್ಟ್ ಮುಚ್ಚಿಯೇ ಇರುತ್ತದೆ. ಪಿಎಲ್‌ಸಿಯ ಪಾಲಿಗೆ ಎಲ್ಲವೂ ಸುಖವಾಗಿದೆ. ಇದನ್ನು ತಪ್ಪಿಸಲೆಂದೇ, ಬ್ಲಾಕ್ ಕಳಚಿದರೆ ತಾನೇ ತೆರೆದುಕೊಳ್ಳುವ ಕಾಂಟ್ಯಾಕ್ಟ್ ಬ್ಲಾಕುಗಳು ಸಿಗುತ್ತವೆ; ಕೇಳಿ ಕೊಳ್ಳಿ. ಬ್ಲಾಕಿನ ಮೇಲೆ ವೃತ್ತದೊಳಗೆ ಬಾಣದ ಗುರುತು ಇದೆಯೇ ಎಂದೂ ನೋಡಿ. ಸ್ಪ್ರಿಂಗನ್ನು ನಂಬಿಕೊಳ್ಳದೆ, ಒತ್ತಿದ ಬಲದಿಂದಲೇ ಕಾಂಟ್ಯಾಕ್ಟನ್ನು ಎಳೆದು ಬಿಡಿಸುತ್ತದೆ ಎಂಬುದಕ್ಕೆ ಆ ಗುರುತು. ಅದಿಲ್ಲದ ಗುಂಡಿ ಎಷ್ಟು ಕೆಂಪಾಗಿದ್ದರೂ ಪ್ರೆಸ್ಸಿಗೆ ಬೇಡ.

ಗುಂಡಿಯಿಂದ ಮುಂದೆ ವೈರು. ಕೇಬಲ್ ಎಲ್ಲೋ ಜಜ್ಜಿ 24 ವೋಲ್ಟಿನ ವೈರಿಗೆ ತಗುಲಿದರೆ ಗುಂಡಿ ಇದ್ದೂ ಇಲ್ಲದ ಹಾಗೆ. ಆಮೇಲೆ ಪಿಎಲ್‌ಸಿ: ಅದರ ಔಟ್‌ಪುಟ್ ಅಂಟಿಕೊಳ್ಳಬಹುದು, ರಾತ್ರಿ ಪಾಳಿಯಲ್ಲಿ ಯಾರೋ ಪ್ರೋಗ್ರಾಂ ತಿದ್ದಿರಬಹುದು. ಆಮೇಲೆ ರಿಲೇ: ಕಾಂಟ್ಯಾಕ್ಟ್ ವೆಲ್ಡ್ ಆಗುವುದು ನಿಮಗೆ ಹೊಸದಲ್ಲ. ಕೊನೆಗೆ ಕ್ಲಚ್ ವಾಲ್ವು: ಗಾಳಿಯಲ್ಲಿ ಬಂದ ನೀರು, ತುಕ್ಕಿನಿಂದ ಒಳಗೆ ಜಾರಿ ಗಾಳಿಯ ದಾರಿ ಬದಲಿಸುವ ಸ್ಪೂಲು ಕಚ್ಚಿಕೊಳ್ಳಬಹುದು. ಇವುಗಳಲ್ಲಿ ಯಾವುದೇ ಒಂದು ಕೆಟ್ಟರೂ ನಿಮ್ಮ ಪ್ರೆಸ್ ನಿಲ್ಲುವುದಿಲ್ಲ. ಕೆಟ್ಟಿದೆ ಎಂಬ ಸುಳಿವು, ಗುಂಡಿ ಒತ್ತಬೇಕಾದ ಆ ಗಳಿಗೆಯ ತನಕ ಯಾರಿಗೂ ಸಿಗುವುದಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಏರ್ಪಾಡು ಇದು.

ಈಗ ಸರಿಯಾದ ಜೋಡಣೆ. ಗುಂಡಿಗೆ ಎರಡು ಎನ್‌ಸಿ ಬ್ಲಾಕ್ ಹಾಕಿ. ಒಂದನ್ನು ಸೇಫ್ಟಿ ರಿಲೇಯ ಎಸ್11–ಎಸ್12ಕ್ಕೆ, ಇನ್ನೊಂದನ್ನು ಎಸ್21–ಎಸ್22ಕ್ಕೆ ಕೊಡಿ (ಬಹಳಷ್ಟು ತಯಾರಕರ ಟರ್ಮಿನಲ್ ಹೆಸರು ಇವೇ, ಆದರೂ ನಿಮ್ಮ ರಿಲೇಯ ಕಾಗದ ನೋಡಿಕೊಳ್ಳಿ). ರಿಲೇಯ ಔಟ್‌ಪುಟ್ 13–14, 23–24 ಕ್ರಮವಾಗಿ ಕೆ1, ಕೆ2 ಎಂಬ ಎರಡು ಕಾಂಟ್ಯಾಕ್ಟರುಗಳನ್ನು (ಹೆಚ್ಚು ಕರೆಂಟು ತಡೆಯುವ ದೊಡ್ಡ ರಿಲೇಗಳನ್ನು) ಹಿಡಿಯಲಿ. ಕ್ಲಚ್ಚಿಗೆ ಒಂಟಿ ವಾಲ್ವಿದ್ದರೆ ತೆಗೆದುಹಾಕಿ, ಪ್ರೆಸ್ಸಿಗೆಂದೇ ಬರುವ, ತನ್ನನ್ನು ತಾನೇ ಮಾನಿಟರ್ ಮಾಡಿಕೊಳ್ಳುವ ಜೋಡಿ ವಾಲ್ವು ಹಾಕಿ. ಒಂದು ಕಾಯಿಲ್ ಕೆ1ರ ಮೂಲಕ, ಇನ್ನೊಂದು ಕೆ2ರ ಮೂಲಕ. ಒಂದು ಸ್ಪೂಲು ಕಚ್ಚಿಕೊಂಡರೂ ಇನ್ನೊಂದು ಗಾಳಿಯನ್ನು ಹೊರಬಿಡುತ್ತದೆ, ಬ್ರೇಕಿನ ಸ್ಪ್ರಿಂಗ್ ಹಿಡಿಯುತ್ತದೆ. ಪಿಎಲ್‌ಸಿಯನ್ನು ಎಸೆಯಬೇಕಾಗಿಲ್ಲ. ಅದು ಎಂದಿನಂತೆ ಹೊಡೆತದ ಲೆಕ್ಕ ನೋಡಿಕೊಂಡಿರಲಿ, ಆದರೆ ಅದರ ಆಜ್ಞೆ ಕೆ1, ಕೆ2ಗಳನ್ನು ದಾಟಿಯೇ ಕಾಯಿಲಿಗೆ ಹೋಗಬೇಕು.

ಇಷ್ಟು ಮಾಡಿ ಕೈತೊಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡು ಚಾನೆಲ್ ಬಂತು, ಮಾನಿಟರಿಂಗ್ ಬರಲಿಲ್ಲ. ಅದಕ್ಕೆ ಇನ್ನೊಂದು ವೈರು ಬೇಕು: ಕೆ1 ಮತ್ತು ಕೆ2ರ ತಲಾ ಒಂದು ಎನ್‌ಸಿ ಕಾಂಟ್ಯಾಕ್ಟನ್ನು ಸರಣಿಯಲ್ಲಿ ಜೋಡಿಸಿ ರೀಸೆಟ್ ಗುಂಡಿಯ ದಾರಿಯಲ್ಲಿ ತನ್ನಿ, ಇದೇ ಫೀಡ್‌ಬ್ಯಾಕ್ ವೈರು. ಕೆ1ರ ಮುಖ್ಯ ಕಾಂಟ್ಯಾಕ್ಟ್ ವೆಲ್ಡ್ ಆದರೆ ಅದರ ಎನ್‌ಸಿ ಮುಚ್ಚಲಾರದು. ಕೆ2 ಪ್ರೆಸ್ಸನ್ನು ನಿಲ್ಲಿಸಿರುತ್ತದೆ, ರೀಸೆಟ್ ಎಷ್ಟು ಒತ್ತಿದರೂ ಸೇಫ್ಟಿ ರಿಲೇ ಎದ್ದೇಳುವುದಿಲ್ಲ. ಪಾಳಿಯವರು ನಿಮ್ಮನ್ನು ಬೈಯುತ್ತಾರೆ, ಬೈಯಲಿ. ಒಂದೇ ಷರತ್ತು: ಆ ಎನ್‌ಸಿ ಮುಖ್ಯ ಕಾಂಟ್ಯಾಕ್ಟಿಗೆ ಯಾಂತ್ರಿಕವಾಗಿ ಬೆಸೆದಿರಬೇಕು. ಕಾಂಟ್ಯಾಕ್ಟರಿನಲ್ಲಿ ಅದನ್ನು ಮಿರರ್ ಕಾಂಟ್ಯಾಕ್ಟ್ ಎನ್ನುತ್ತಾರೆ, ರಿಲೇಯಲ್ಲಿ ಫೋರ್ಸ್ ಗೈಡೆಡ್ ಎನ್ನುತ್ತಾರೆ. ಅಂಗಡಿಯಲ್ಲಿ ಸಿಗುವ ಸಾದಾ ಗಾಜಿನಂಥ ಪ್ಲಗ್-ಇನ್ ರಿಲೇಯಲ್ಲಿ ಒಂದು ಕಾಂಟ್ಯಾಕ್ಟ್ ವೆಲ್ಡ್ ಆಗಿದ್ದರೂ ಪಕ್ಕದ ಎನ್‌ಸಿ ಮುಚ್ಚಿಕೊಳ್ಳಬಹುದು. ಅದರ ಸಾಕ್ಷಿಯನ್ನು ನಂಬುವ ಹಾಗಿಲ್ಲ.

ರೀಸೆಟ್ ಗುಂಡಿ ಬೇರೆಯೇ ಇರಲಿ. ಎಮರ್ಜೆನ್ಸಿ ಗುಂಡಿಯನ್ನು ತಿರುಗಿಸಿ ಬಿಡಿಸಿದ ಮಾತ್ರಕ್ಕೆ ಯಂತ್ರ ಚಲಿಸಕೂಡದು, ಅದು ಐಎಸ್‌ಒ 13850 (ಎಮರ್ಜೆನ್ಸಿ ಗುಂಡಿಗಳ ಅಂತರರಾಷ್ಟ್ರೀಯ ಮಾನದಂಡ) ಹೇಳುವ ಮಾತು. ರೀಸೆಟ್ಟನ್ನು ಒತ್ತಿದಾಗ ಅಲ್ಲ, ಒತ್ತಿ ಬಿಟ್ಟಾಗ ಒಪ್ಪಿಕೊಳ್ಳುವ ರಿಲೇ ಆರಿಸಿಕೊಳ್ಳಿ. ಗುಂಡಿಗೆ ಕಡ್ಡಿ ಸಿಕ್ಕಿಸಿ ಇಡುವ ಜಾಣರಿಗೆ ಅಲ್ಲಿಗೆ ದಾರಿ ಮುಚ್ಚುತ್ತದೆ.

ಇನ್ನೆರಡು ಸಂಗತಿ, ನಕ್ಷೆಯಲ್ಲಿ ಕಾಣದೆ ಕಾಡುವಂಥವು. ಮೊದಲನೆಯದು ಡಯೋಡ್. 24 ವೋಲ್ಟ್ ಡಿಸಿ ಕಾಯಿಲಿಗೆ ಅಡ್ಡಲಾಗಿ ಸಾದಾ ಡಯೋಡ್ ಹಾಕುವುದು ನಮ್ಮವರಿಗೆ ರೂಢಿ. ಕಿಡಿ ಸಾಯುತ್ತದೆ ನಿಜ, ಆದರೆ ಕಾಯಿಲಿನ ಕರೆಂಟು ಡಯೋಡಿನಲ್ಲೇ ಸುತ್ತು ಹೊಡೆಯುತ್ತ ನಿಧಾನವಾಗಿ ಇಳಿಯುತ್ತದೆ. ವಾಲ್ವು ಬಿಡುವುದು ತಡವಾಗುತ್ತದೆ, ನಿಲ್ಲುವ ಹೊತ್ತು ಬೆಳೆಯುತ್ತದೆ. ಕ್ಲಚ್ ವಾಲ್ವಿಗೆ ತಯಾರಕರು ಒಪ್ಪುವ ವೇರಿಸ್ಟರ್ ಅಥವಾ ಜೀನರ್ ಇರುವ ಸಪ್ರೆಸರ್ (ಕಿಡಿ ತಡೆಯುವ ಬಿಡಿಭಾಗ) ಹಾಕಿ. ಎರಡನೆಯದು ಅರ್ಥಿಂಗ್. ಕಂಟ್ರೋಲ್ ಸಪ್ಲೈನ 0 ವೋಲ್ಟ್ ಬದಿಯನ್ನು ಅರ್ಥಿಗೆ ಕಟ್ಟಿ, ಎಲ್ಲ ಕಾಯಿಲುಗಳ ಒಂದು ತುದಿ ನೇರ ಅಲ್ಲಿಗೇ ಹೋಗಲಿ, ಗುಂಡಿ, ಕಾಂಟ್ಯಾಕ್ಟುಗಳೆಲ್ಲ ಪ್ಲಸ್ ಬದಿಯಲ್ಲೇ ಇರಲಿ. ಆಗ ವೈರು ಬಾಡಿಗೆ ತಗುಲಿದರೆ ಫ್ಯೂಸು ಹೋಗುತ್ತದೆ. ಅರ್ಥಿಗೆ ಕಟ್ಟದೆ ತೇಲಬಿಟ್ಟ ಸಪ್ಲೈಯಲ್ಲಿ ಗುಂಡಿಯ ಆಚೆಗೊಂದು, ಈಚೆಗೊಂದು ಕಡೆ ವೈರು ಬಾಡಿಗೆ ತಗುಲಿತೆಂದರೆ ಪ್ರೆಸ್ಸಿನ ಕಬ್ಬಿಣವೇ ಗುಂಡಿಯನ್ನು ಶಾರ್ಟ್ ಮಾಡಿರುತ್ತದೆ.

ಮಾಲೀಕರಿಗೆ ಇನ್ನೊಂದು ಮಾತನ್ನೂ ತಿಳಿಸಿ. ಎಮರ್ಜೆನ್ಸಿ ಗುಂಡಿ ಕೈ ಉಳಿಸುವ ಸಾಧನವಲ್ಲ, ಪೂರಕ ಮಾತ್ರ. ಡೈ (ತಗಡನ್ನು ಆಕಾರಕ್ಕೆ ತರುವ ಅಚ್ಚು) ಮೇಲೆ ಬೆರಳಿರುವಾಗ ಯಾರಿಗೂ ಗುಂಡಿ ಒತ್ತುವ ವ್ಯವಧಾನ ಇರುವುದಿಲ್ಲ. ಕೇಳದೆ ಬಂದ ಎರಡನೆಯ ಹೊಡೆತಕ್ಕೂ ಪ್ರೆಸ್ಸಿನಲ್ಲಿ ಕೈ ಹೋಗುತ್ತದೆ. ಅದಕ್ಕೆ ಬೇಕಾದದ್ದು ಎರಡು ಕೈಯ ಗುಂಡಿ ಮತ್ತು ಅದಕ್ಕೆಂದೇ ಇರುವ ಮಾನಿಟರಿಂಗ್ ರಿಲೇ. ಎರಡನ್ನೂ 0.5 ಸೆಕೆಂಡಿನೊಳಗೆ ಒತ್ತಬೇಕು, ಪ್ರತಿ ಹೊಡೆತಕ್ಕೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಒಂದೇ ಅಂಗೈ ಚಾಚಿ ಎರಡನ್ನೂ ಮುಟ್ಟಲಾಗದಂತೆ ಗುಂಡಿಗಳ ನಡುವೆ ಕನಿಷ್ಠ 260 ಮಿಲಿಮೀಟರ್ ಅಂತರ ಬೇಕು. ಡೈಯಿಂದ ಗುಂಡಿಗಳು ಎಷ್ಟು ದೂರ ಇರಬೇಕೆಂಬುದು ಅಂದಾಜಿನ ಮಾತಲ್ಲ. ಐಎಸ್‌ಒ 13855ರ 2010ರ ಆವೃತ್ತಿಯ ಲೆಕ್ಕದಲ್ಲಿ ಕೈ ಸೆಕೆಂಡಿಗೆ 1600 ಮಿಲಿಮೀಟರ್ ಚಲಿಸುತ್ತದೆ. ಪೂರ್ತಿ ನಿಲ್ಲಲು 0.25 ಸೆಕೆಂಡ್ ಹಿಡಿಯುವ ಪ್ರೆಸ್ಸಿಗೆ 400, ಅದಕ್ಕೆ ಇನ್ನೂ 250 ಸೇರಿಸಿ 650 ಮಿಲಿಮೀಟರ್. ಬ್ರೇಕ್ ಲೈನಿಂಗ್ ಸವೆದು ನಿಲ್ಲುವ ಹೊತ್ತು 0.35 ಆಯಿತೆನ್ನಿ, ಅದೇ ಗುಂಡಿ 810ರಲ್ಲಿ ಇರಬೇಕಾಗುತ್ತದೆ. ಗುಂಡಿಯೇನೋ ಎದ್ದು ಹೋಗುವುದಿಲ್ಲ. ಆದ್ದರಿಂದಲೇ ರ‍್ಯಾಮ್ (ಮೇಲೆ ಕೆಳಗೆ ಓಡಾಡಿ ಹೊಡೆಯುವ ಭಾಗ) ಮೇಲಿನ ತುದಿಯಲ್ಲಿ ನಿಲ್ಲಬೇಕಾದ ಜಾಗ ದಾಟಿತೆಂದರೆ ಮುಂದಿನ ಹೊಡೆತವನ್ನೇ ತಡೆಯುವ ಬ್ರೇಕ್ ಮಾನಿಟರ್, ಅಂದರೆ ಕ್ರ್ಯಾಂಕಿನ ತುದಿಯ ಕ್ಯಾಮ್ ಸ್ವಿಚ್, ಇರಲೇಬೇಕು. ತಪಾಸಣೆಯವರು ಅದನ್ನು ಕೇಳಲಿಲ್ಲವೆಂದರೆ ನನಗೆ ಆಶ್ಚರ್ಯ.

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಗಿಣಿಗೇರಾ ಹತ್ತಿರ ವಾಷರ್, ಕ್ಲ್ಯಾಂಪ್ ಹೊಡೆಯುವ ಸಣ್ಣ ಘಟಕ ನಮ್ಮದು. ಕಾಲ್ಪೆಡಲ್ಲಿನ ಹಳೆಯ ಪ್ರೆಸ್, ಪಿನ್ ಕ್ಲಚ್. ಲೈಟ್ ಕರ್ಟನ್ (ಅಡ್ಡ ಬಂದದ್ದನ್ನು ಗುರುತಿಸುವ ಬೆಳಕಿನ ಪರದೆ) ಹಾಕಿದರೆ ಕೈ ಅಡ್ಡ ಬಂದ ಕೂಡಲೇ ನಿಲ್ಲುತ್ತದೆ ಎಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಹಾಕಿಸಬಹುದೆ?

ಉತ್ತರ: ಬೇಡ. ಪಿನ್ ಕ್ಲಚ್ ಒಮ್ಮೆ ಹಿಡಿಯಿತೆಂದರೆ ಕ್ರ್ಯಾಂಕು ಪೂರ್ತಿ ಒಂದು ಸುತ್ತು ಬಂದೇ ಬಿಡುವುದು. ನಡುವೆ ಲೈಟ್ ಕರ್ಟನ್ ಕೂಗಿಕೊಂಡರೂ, ಮೋಟಾರ್ ನಿಲ್ಲಿಸಿದರೂ, ಫ್ಲೈವೀಲಿನಲ್ಲಿರುವ ಶಕ್ತಿ ರ‍್ಯಾಮನ್ನು ಕೆಳಗೆ ತಂದೇ ತರುತ್ತದೆ. ಆ ಮಾರಾಟಗಾರರಿಗೆ ಕ್ಲಚ್ ಯಾವುದೆಂದು ಕೇಳಬೇಕೆಂಬ ವಿವೇಕವೂ ಇಲ್ಲದಿದ್ದರೆ ಅವರಿಂದ ಟೆಸ್ಟರ್ ಕೂಡ ಕೊಳ್ಳಬೇಡಿ.

ನಿಮ್ಮ ಪ್ರೆಸ್ಸಿಗೆ ದಾರಿ ಗಾರ್ಡ್ ಒಂದೇ. ಪಟ್ಟಿ ಮಾತ್ರ ತೂರುವಂತೆ ಡೈ ಸುತ್ತ ಭದ್ರವಾದ ಕಾಪು ಕಟ್ಟಿಸಿ. ಸೀಳಿನ ಅಗಲ 6 ಮಿಲಿಮೀಟರ್ ಒಳಗಿದ್ದರೆ ಅದು ಅಪಾಯದ ಜಾಗದಿಂದ ಕನಿಷ್ಠ 10 ಮಿಲಿಮೀಟರ್ ದೂರ, 12 ತನಕ ಇದ್ದರೆ 100 ಮಿಲಿಮೀಟರ್ ದೂರ ಇರಬೇಕು. ಬಿಡಿ ಬಿಲ್ಲೆಗಳನ್ನು ಕೈಯಿಂದ ಇಡುವ ಕೆಲಸವಾದರೆ, ಮುಚ್ಚದೆ ಪೆಡಲ್ ಕೆಲಸ ಮಾಡದ ಮತ್ತು ಸುತ್ತು ಮುಗಿಯುವ ತನಕ ತೆರೆಯಲು ಬಾರದ ಇಂಟರ್‌ಲಾಕ್ ಗಾರ್ಡ್ ಬೇಕು. ಪೆಡಲ್ಲಿಗೆ ಮೇಲ್ಮುಚ್ಚಳ ಹಾಕಿಸಿ, ಬಿದ್ದ ಬಿಲ್ಲೆಗೂ ಅದು ಒತ್ತಿಕೊಳ್ಳುತ್ತದೆ.

ನಿಮ್ಮ ಸೀಮೆಯ ಬಗ್ಗೆ ಒಂದು ಮಾತು. ಸ್ಪಾಂಜ್ ಐರನ್ ಕಾರ್ಖಾನೆಗಳ ಕಡೆಯ ಕಪ್ಪು ಧೂಳಿನಲ್ಲಿ ಕಬ್ಬಿಣ ಇರುತ್ತದೆ. ಗಾರ್ಡಿಗೆ ಮ್ಯಾಗ್ನೆಟಿಕ್ ಸ್ವಿಚ್ ಹಾಕಿದರೆ ಅದರ ಮೂತಿಗೆ ಗಡ್ಡ ಬೆಳೆದ ಹಾಗೆ ಧೂಳು ಅಂಟುತ್ತದೆ. ಟರ್ಮಿನಲ್ ಪಟ್ಟಿಯ ಮೇಲೆ ಕೂತ ಅದೇ ಧೂಳು, ಮಳೆಗಾಲದ ತೇವ ಸೇರಿದರೆ, ಪಕ್ಕಪಕ್ಕದ ಟರ್ಮಿನಲ್‌ಗಳ ನಡುವೆ ಕರೆಂಟು ಹರಿಸೀತು. ಎರಡು ಚಾನೆಲ್‌ಗಳ ಟರ್ಮಿನಲ್‌ಗಳನ್ನು ಅಕ್ಕಪಕ್ಕ ಇಡಬೇಡಿ, ಎರಡಕ್ಕೂ ಬೇರೆ ಬೇರೆ ಕೇಬಲ್ ಎಳೆಯಿರಿ, ಚಾನೆಲ್‌ಗಳ ನಡುವಿನ ಶಾರ್ಟ್ ಪತ್ತೆ ಮಾಡುವ ರಿಲೇ ಕೊಳ್ಳಿ. ಪ್ಯಾನೆಲ್ಲಿನ ಕೇಬಲ್ ತೂತುಗಳಿಗೆ ಗ್ಲ್ಯಾಂಡ್ ಹಾಕದೆ ಬಟ್ಟೆ ತುರುಕುವುದನ್ನು ದಯವಿಟ್ಟು ಬಿಡಿ.

ಪ್ರಶ್ನೆ: ರಾಯಚೂರಿನ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಫ್ಯಾಕ್ಟರಿಯಲ್ಲಿ ಫಿಟರ್ ಆಗಿದ್ದೇನೆ. ಬೇಲ್ ಪ್ರೆಸ್ಸಿನ ಬಾಗಿಲುಗಳ ಲಿಮಿಟ್ ಸ್ವಿಚ್‌ಗಳಿಗೆ ಅರಳೆ ಸಿಕ್ಕಿ ಪದೇ ಪದೇ ಯಂತ್ರ ನಿಲ್ಲುತ್ತದೆ. ಸೀಸನ್ನಿನಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಸಾಹುಕಾರರು ಸ್ವಿಚ್ಚಿನ ಕಡ್ಡಿಯನ್ನು ಬೇಲ್ ಕಟ್ಟುವ ತಂತಿಯಿಂದ ಬಿಗಿಸಿ ಓಡಿಸಿ ಎನ್ನುತ್ತಾರೆ. ನಾಲ್ಕು ಬಾಗಿಲಿಗೆ ಒಂದೇ ಸೇಫ್ಟಿ ರಿಲೇ ಇದೆ. ಕೆಲವೊಮ್ಮೆ ರಿಲೇ ಲಾಕ್ ಆದಾಗ ಬೇರೊಂದು ಬಾಗಿಲು ತೆಗೆದು ಹಾಕಿದರೆ ಸರಿಹೋಗುತ್ತದೆ. ಇದೇಕೆ?

ಉತ್ತರ: ಕೊನೆಯ ಸಾಲು ಓದಿ ಎದೆ ಝಲ್ ಎಂದಿತು. ಸರಿಹೋಗುವುದಿಲ್ಲ, ದೋಷ ಮುಚ್ಚಿಹೋಗುತ್ತದೆ.

ನಡೆಯುತ್ತಿರುವುದು ಇದು. ನಾಲ್ಕೂ ಬಾಗಿಲುಗಳ ಮೊದಲ ಚಾನೆಲ್ ಒಂದು ಸರಣಿ, ಎರಡನೆಯ ಚಾನೆಲ್ ಇನ್ನೊಂದು ಸರಣಿ. ಒಂದನೆಯ ಬಾಗಿಲಿನ ಎರಡನೆಯ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಎನ್ನಿ. ಆ ಬಾಗಿಲು ತೆಗೆದಾಗ ಒಂದೇ ಚಾನೆಲ್ ತೆರೆಯಿತು, ರಿಲೇಗೆ ಅನುಮಾನ ಬಂದು ಲಾಕ್ ಆಯಿತು. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಆಮೇಲೆ ನೀವು ಮೂರನೆಯ ಬಾಗಿಲು ತೆಗೆದು ಹಾಕಿದಿರಿ. ಅದರ ಎರಡೂ ಕಾಂಟ್ಯಾಕ್ಟ್ ಚೆನ್ನಾಗಿರುವುದರಿಂದ ಎರಡೂ ಚಾನೆಲ್ ತೆರೆದು ಮುಚ್ಚಿದವು. ಎಲ್ಲ ಸರಿಯಿದೆ ಎಂದು ರಿಲೇ ನಂಬಿತು. ಈಗ ಒಂದನೆಯ ಬಾಗಿಲು ಒಂದೇ ಕಾಲಿನ ಮೇಲೆ ನಿಂತಿದೆ. ಆ ಉಳಿದ ಕಾಂಟ್ಯಾಕ್ಟೂ ಅಂಟಿಕೊಂಡರೆ, ಬಾಗಿಲು ತೆರೆದಿದ್ದರೂ ರ‍್ಯಾಮ್ ಬರುತ್ತದೆ. ಬಾಗಿಲಿಗೊಂದು ರಿಲೇ ಹಾಕಿ, ಇಲ್ಲವೇ ತನ್ನ ದೋಷವನ್ನು ತಾನೇ ಪತ್ತೆ ಮಾಡಿಕೊಳ್ಳುವ, ಸರಣಿಯಲ್ಲಿ ಜೋಡಿಸಲು ಬರುವ ಕೋಡೆಡ್ ಸೆನ್ಸರ್ ಹಾಕಿ. ಆ ಸೆನ್ಸರಿಗೆ ಕಡ್ಡಿ, ಸಂದು ಇರುವುದಿಲ್ಲ, ಅರಳೆ ಸಿಕ್ಕಿಕೊಳ್ಳುವ ಗೊಡವೆಯೂ ಇಲ್ಲ. ತಂತಿ ಬಿಗಿಯುವ ಉಪಾಯವೂ ನಡೆಯದು, ಏಕೆಂದರೆ ಬಾಗಿಲ ಮೇಲಿನ ತನ್ನ ಜೊತೆಗಾರ ಚೂರು ಕಾಣದೆ ಅದು ಒಪ್ಪುವುದಿಲ್ಲ. ಯಂತ್ರ ನಿಲ್ಲುವುದು ಕಡಿಮೆಯಾಗುತ್ತದೆ ಎಂಬುದನ್ನೇ ಮುಂದಿಟ್ಟು ಸಾಹುಕಾರರ ಜೊತೆ ಮಾತಾಡಿ. ಅವರ ಕಷ್ಟ ನಿಂತ ಲಾರಿಗಳದ್ದು, ಅದು ಸುಳ್ಳೇನಲ್ಲ. ಅಷ್ಟಕ್ಕೂ ಒಪ್ಪದಿದ್ದರೆ, ಯಂತ್ರದ ಕಾಪು ತೆಗೆಯುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಅಪರಾಧ ಎಂದು ನೆನಪಿಸಿ. ದೂರು ಕೇಳಲು ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ ಇದೆ.

ನೀವು ಕೇಳದ ಒಂದನ್ನೂ ಹೇಳುತ್ತೇನೆ. ಪವರ್ ಪ್ರೆಸ್ಸಿಗೂ ನಿಮ್ಮದಕ್ಕೂ ದೊಡ್ಡ ವ್ಯತ್ಯಾಸವಿದೆ. ಗುಂಡಿ ಒತ್ತಿದರೆ ಪಂಪಿನ ಮೋಟಾರ್ ನಿಂತೀತು, ಎಣ್ಣೆಯ ಒತ್ತಡ ನಿಲ್ಲುವುದಿಲ್ಲ. 170 ಕಿಲೋ ಅರಳೆಯನ್ನು ಅದುಮಿ ಹಿಡಿದಿರುವ ಸಿಲಿಂಡರಿನಲ್ಲಿ ಒತ್ತಡ ಹಾಗೇ ಉಳಿದಿರುತ್ತದೆ, ಅದುಮಿದ ಅರಳೆಯೇ ಸ್ಪ್ರಿಂಗಿನಂತೆ ತಳ್ಳುತ್ತಿರುತ್ತದೆ. ಪೆಟ್ಟಿಗೆಯಲ್ಲಿ ಅರಳೆ ತುಳಿಯುವ ಟ್ರ್ಯಾಂಪರ್ ಮೇಲೆ ನಿಂತಿದ್ದರೆ ತನ್ನ ತೂಕಕ್ಕೇ ಇಳಿದೀತು. ಸಿಕ್ಕಿಕೊಂಡ ಅರಳೆ ಬಿಡಿಸಲು ಪೆಟ್ಟಿಗೆಯೊಳಗೆ ಕೈ ಹಾಕುವ ಮುಂಚೆ ಐಸೊಲೇಟರ್ (ಮೇನ್ ಸ್ವಿಚ್ಚು) ತಿರುಗಿಸಿ ಸ್ವಂತ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲೇ ಇರಲಿ, ಪ್ರೆಶರ್ ಗೇಜ್ ಸೊನ್ನೆಗೆ ಬಂತೇ ನೋಡಿ, ಮೇಲಿರುವ ಭಾರಕ್ಕೆ ಕಬ್ಬಿಣದ ಊರುಗಂಬ ಕೊಡಿ. ಗುಂಡಿ ಒತ್ತಿದ್ದೇನೆ ಎಂಬ ಧೈರ್ಯದ ಮೇಲೆ ಕೈ ಹಾಕಲೇಬೇಡಿ.

ಪ್ರಶ್ನೆ: ಗಂಗಾವತಿಯಲ್ಲಿ ಐಟಿಐ ಓದುತ್ತಿದ್ದೇನೆ. ಪ್ಯಾನೆಲ್ ವೈರಿಂಗಿನಲ್ಲಿ ಯಾವುದಕ್ಕೆ ಯಾವ ಬಣ್ಣ?

ಉತ್ತರ: ಯಂತ್ರಗಳಿಗೆ ಐಇಸಿ 60204-1ರ (ಯಂತ್ರಗಳ ವಿದ್ಯುತ್ ಜೋಡಣೆಯ ಅಂತರರಾಷ್ಟ್ರೀಯ ಮಾನದಂಡದ) ರೂಢಿ ಹೀಗೆ: ಪವರ್ ವೈರಿಗೆ ಕಪ್ಪು, ನ್ಯೂಟ್ರಲ್ಲಿಗೆ ತಿಳಿನೀಲಿ, ಎಸಿ ಕಂಟ್ರೋಲಿಗೆ ಕೆಂಪು, ಡಿಸಿ ಕಂಟ್ರೋಲಿಗೆ ನೀಲಿ, ಅರ್ಥಿಗೆ ಹಸಿರು-ಹಳದಿ. ಮೇನ್ ಆಫ್ ಮಾಡಿದ ಮೇಲೂ ಜೀವಂತವಾಗಿರುವ ವೈರಿಗೆ ಕಿತ್ತಳೆ. ಕಿತ್ತಳೆ ಕಂಡರೆ ಕೈ ಹಿಂದಕ್ಕೆ. ಹಸಿರು-ಹಳದಿಯನ್ನು ಬೇರೆ ಯಾವುದಕ್ಕೂ ಬಳಸಬೇಡಿ, ಉಳಿದ ತುಂಡೆಂದು ಕೂಡ. ಪ್ರತಿ ತುದಿಗೂ ನಂಬರ್ ಫೆರುಲ್ (ನಂಬರ್ ಇರುವ ಸಣ್ಣ ಕೊಳವೆ) ಹಾಕಿ. ಎರಡನೆಯ ಪಾಳಿಯವನು ಟಾರ್ಚ್ ಹಿಡಿದು ನಿಮ್ಮ ಕೆಲಸ ಓದಬೇಕು.

ಪ್ರಶ್ನೆ: (ಮುಂಡರಗಿಯ ಅದೇ ಓದುಗರ ಎರಡನೆಯ ಕಾಗದ) ಹೊಸ ಜೋಡಣೆ ಮಾಡಿದ ಮೇಲೆ ಮಾನಿಟರಿಂಗ್ ನಿಜವಾಗಿ ಕೆಲಸ ಮಾಡುತ್ತಿದೆ ಎಂದು ಪರೀಕ್ಷಿಸುವುದು ಹೇಗೆ?

ಉತ್ತರ: ಬೇಕೆಂದೇ ಕೆಡಿಸಿ ನೋಡಬೇಕು. ಮೊದಲು ರ‍್ಯಾಮನ್ನು ಕೆಳಗಿನ ತುದಿಗೆ ತಂದು ನಿಲ್ಲಿಸಿ, ಪ್ರೆಸ್ಸಿನ ಮೋಟಾರ್ ಪವರ್ ಮತ್ತು ಗಾಳಿ ಎರಡಕ್ಕೂ ಬೀಗ ಹಾಕಿ, ಫ್ಲೈವೀಲ್ ನಿಂತದ್ದನ್ನು ಕಣ್ಣಾರೆ ನೋಡಿ. ಕಂಟ್ರೋಲ್ ಸಪ್ಲೈ ಮಾತ್ರ ಇರಲಿ. ಪ್ರತಿ ಸಲ ವೈರಿಗೆ ಕೈ ಹಾಕುವ ಮುಂಚೆ ಅದನ್ನೂ ಆಫ್ ಮಾಡಿ.

ಎಸ್12ರ ವೈರು ಬಿಚ್ಚಿ ರೀಸೆಟ್ ಒತ್ತಿ, ರಿಲೇ ಏಳಬಾರದು. ಮತ್ತೆ ಜೋಡಿಸಿ, ಎಸ್22ರಲ್ಲೂ ಹಾಗೆಯೇ. ಆಮೇಲೆ ಗುಂಡಿಯ ಒಂದು ಕಾಂಟ್ಯಾಕ್ಟಿಗೆ ತಾತ್ಕಾಲಿಕ ಜಂಪರ್ ಹಾಕಿ ಗುಂಡಿ ಒತ್ತಿ ಬಿಡಿಸಿ. ರಿಲೇ ಬೀಳಬೇಕು, ರೀಸೆಟ್ಟಿಗೆ ಒಪ್ಪಬಾರದು. ಮುಂದೆ ಕೆ1ರ ಮುಂಭಾಗದ ತೊಟ್ಟನ್ನು ಇನ್ಸುಲೇಟೆಡ್ ಸ್ಕ್ರೂಡ್ರೈವರಿನಿಂದ ಒತ್ತಿ ಹಿಡಿದು ರೀಸೆಟ್ ಕೊಡಿ, ಆಮೇಲೆ ಕೆ2ರಲ್ಲಿ. ಎರಡರಲ್ಲಿ ಯಾವುದನ್ನು ಒತ್ತಿ ಹಿಡಿದಾಗ ರಿಲೇ ಎದ್ದಿತೋ ಅದರ ಫೀಡ್‌ಬ್ಯಾಕ್ ವೈರು ಹೆಸರಿಗೆ ಮಾತ್ರ ಇದೆ. ಜಂಪರ್ ತೆಗೆದದ್ದನ್ನು ಇನ್ನೊಬ್ಬರ ಕೈಯಲ್ಲಿ ನೋಡಿಸಿ, ಬರೆದಿಡಿ. ತಿಂಗಳುಗಟ್ಟಲೆ ಯಾರೂ ಮುಟ್ಟದ ಎಮರ್ಜೆನ್ಸಿ ಗುಂಡಿಗೆ ಎಷ್ಟು ಚಾನೆಲ್ ಇದ್ದರೂ ರಿಲೇ ಅದನ್ನು ಪರೀಕ್ಷಿಸಲಾರದು; ಗುಂಡಿ ಒತ್ತಿದಾಗ ಮಾತ್ರ ಅದಕ್ಕೆ ಹೋಲಿಸಿ ನೋಡುವ ಅವಕಾಶ. ಆದ್ದರಿಂದ ಪಾಳಿ ಶುರುವಿನಲ್ಲಿ ಆಪರೇಟರ್ ಒಮ್ಮೆ ಒತ್ತಿ ಬಿಡಿಸಿ ರೀಸೆಟ್ ಮಾಡಿಯೇ ಕೆಲಸ ಹಿಡಿಯಲಿ. ಮೇಲಿನ ಕೆಡಿಸಿ ನೋಡುವ ಪರೀಕ್ಷೆಯನ್ನು ತಿಂಗಳಿಗೊಮ್ಮೆ ನೀವೇ ಮಾಡಿ.